ನಿಮಗಿದು ಗೊತ್ತೇ? ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್

● ಮಲ್ಲಿಗೆಯ ಊರು ಹೂವಿನಹಡಗಲಿ ಜಗತ್ತಿನ ಅತಿದೊಡ್ಡ ಸಂಖ್ಯಾಶಾಸ್ತ್ರಜ್ಞರೊಬ್ಬರ ಹುಟ್ಟೂರೂ ಹೌದು. ಕಲ್ಯಂಪೂಡಿ ರಾಧಾಕೃಷ್ಣ ರಾವ್, ಅಂದರೆ ಸಿ.ಆರ್. ರಾವ್, 1920ರ ಸೆಪ್ಟೆಂಬರ್ 10ರಂದು ಅಲ್ಲಿ ಹುಟ್ಟಿದರು. ಆಗ ಹಡಗಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಈಗ ನಮ್ಮ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗು. ತಂದೆ ಪೊಲೀಸ್ ಅಧಿಕಾರಿ, ಮೇಲಿಂದ ಮೇಲೆ ವರ್ಗಾವಣೆ. ಹಾಗಾಗಿ ಓದೆಲ್ಲ ಗೂಡೂರು, ನೂಜಿವೀಡು, ನಂದಿಗಾಮ, ವಿಶಾಖಪಟ್ಟಣಗಳಲ್ಲಿ ನಡೆಯಿತು. ಅವರನ್ನು ಕನ್ನಡಿಗರೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ಆದರೆ ನಮ್ಮ ನೆಲದಲ್ಲಿ ಹುಟ್ಟಿದ ಇಂಥವರೊಬ್ಬರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಲೇಬೇಕು.

● ರಾಧಾಕೃಷ್ಣ ಎಂಬ ಹೆಸರು ಬಂದದ್ದು ಹೇಗೆ? ಹತ್ತು ಮಕ್ಕಳ ಸಂಸಾರದಲ್ಲಿ ಅವರು ಎಂಟನೆಯವರು. ದೇವಕಿಯ ಎಂಟನೆಯ ಮಗ ಕೃಷ್ಣನಲ್ಲವೇ? ಹಾಗಾಗಿ ಅದೇ ಹೆಸರು.

● ತಾಯಿ ಲಕ್ಷ್ಮೀಕಾಂತಮ್ಮ ದಿನವೂ ಬೆಳಗಿನ ನಾಲ್ಕಕ್ಕೆ ಎಬ್ಬಿಸಿ, ಎಣ್ಣೆ ದೀಪ ಹಚ್ಚಿ, ಮಗನನ್ನು ಓದಲು ಕೂರಿಸುತ್ತಿದ್ದರು. ಮುಂದೆ ತಮ್ಮ ಪುಸ್ತಕವೊಂದನ್ನು ರಾವ್ ತಾಯಿಗೆ ಅರ್ಪಿಸಿದಾಗ ಇದನ್ನೇ ನೆನೆದರು. ತಂದೆ ಹುಡುಗನ ಕೈಗಿತ್ತದ್ದು ಲೀಲಾವತಿಯ ಹೆಸರು ಹೊತ್ತ ಲೆಕ್ಕಗಳ ಪುಸ್ತಕ, ಅದರಲ್ಲಿ ದಿನಕ್ಕಿಷ್ಟು ಲೆಕ್ಕ ಬಿಡಿಸಬೇಕೆಂಬ ಕಟ್ಟಳೆಯ ಜೊತೆಗೆ.

● ಸಿಗದೇ ಹೋದ ಒಂದು ಕೆಲಸ ಭಾರತದ ಸಂಖ್ಯಾಶಾಸ್ತ್ರದ ಭಾಗ್ಯವನ್ನು ತೆರೆಯಿತು. 1940ರಲ್ಲಿ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಪದವಿ ಮುಗಿಸಿದ ರಾವ್‌ಗೆ ಮುಂದೇನೆಂಬ ದಾರಿ ಕಾಣುತ್ತಿರಲಿಲ್ಲ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಸೇನೆಯ ಸರ್ವೇ ಘಟಕದಲ್ಲಿ ಗಣಿತಜ್ಞನ ಹುದ್ದೆಯಿದೆ ಎಂದು ಸಂದರ್ಶನಕ್ಕಾಗಿ ಕಲ್ಕತ್ತೆಗೆ ಹೋದರು. ಹುದ್ದೆ ದಕ್ಕಲಿಲ್ಲ. ಆದರೆ ಅಲ್ಲಿ ತಂಗಿದ್ದಾಗ ಪರಿಚಯವಾದ ಯುವಕನೊಬ್ಬ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದ. ಪ್ರಶಾಂತಚಂದ್ರ ಮಹಲನೋಬಿಸ್ ಕಟ್ಟಿದ ಆ ಸಂಸ್ಥೆ ಆಗಿನ್ನೂ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದ ಆಸರೆಯಲ್ಲಿತ್ತು. ಕುತೂಹಲದಿಂದ ನೋಡಲು ಹೋದ ರಾವ್ 1941ರ ಜನವರಿಯಲ್ಲಿ ಅಲ್ಲೇ ಸೇರಿಕೊಂಡರು. ನಂಟು ನಾಲ್ಕು ದಶಕ ಬಾಳಿತು.

● ಅದೇ 1941ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಪದವಿ ತರಗತಿ ಆರಂಭಿಸಿತು. ದೇಶದಲ್ಲೇ ಅಂಥದ್ದು ಮೊದಲು. ಮೊದಲ ತಂಡದಲ್ಲೇ ರಾವ್ ಇದ್ದರು, 1943ರಲ್ಲಿ ಚಿನ್ನದ ಪದಕದೊಡನೆ ಹೊರಬಂದರು. ಮಾರನೆಯ ವರ್ಷದ ಹೊತ್ತಿಗೆ ಅದೇ ತರಗತಿಗಳಿಗೆ ಮೇಷ್ಟರು!

● ಈಗ ಅವರ ಬದುಕಿನ ಅತಿ ಪ್ರಸಿದ್ಧ ರಾತ್ರಿಯ ಕಥೆ. ಸ್ವಲ್ಪ ನಿಧಾನವಾಗಿ ಹೇಳಬೇಕಾದದ್ದು.

1944. ರಾವ್ ತರಗತಿಯಲ್ಲಿ ಇಂಗ್ಲೆಂಡಿನ ರೊನಾಲ್ಡ್ ಫಿಶರ್ ಅವರ ಒಂದು ಫಲಿತಾಂಶವನ್ನು ಕಲಿಸುತ್ತಿದ್ದರು. ನಮ್ಮ ಬಳಿ ಇರುವ ಮಾದರಿ ಬಹಳ ದೊಡ್ಡದಾಗಿದ್ದರೆ, ನಾವು ಮಾಡುವ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಒಂದು ಗಡಿಯಿದೆ ಎಂದು ಅದು ಹೇಳುತ್ತಿತ್ತು. ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: ಮಾದರಿ ಸಣ್ಣದಾಗಿದ್ದರೆ? ಆಗಲೂ ಇದನ್ನು ಸಾಧಿಸಿ ತೋರಿಸಲಾಗದೇ? ಮೇಷ್ಟರ ಬಳಿ ಉತ್ತರವಿರಲಿಲ್ಲ. ಮನೆಗೆ ಹೋಗಿ ರಾತ್ರಿಯೆಲ್ಲ ಕೂತರು. ಬೆಳಗಾಗುವಷ್ಟರಲ್ಲಿ ಉತ್ತರ ಸಿಕ್ಕಿತ್ತು, ಮರುದಿನ ಅದನ್ನೇ ಕಪ್ಪುಹಲಗೆಯ ಮೇಲೆ ಬರೆದರು.

ಆ ಉತ್ತರವನ್ನೇ ಇಂದು ‘ಕ್ರಾಮೆರ್-ರಾವ್ ಅಸಮತೆ’ ಎನ್ನುತ್ತಾರೆ. ಅದು ಹೇಳುವುದಿಷ್ಟು: ಗಾಣ ಎಷ್ಟೇ ಒಳ್ಳೆಯದಾಗಿರಲಿ, ಕಬ್ಬಿನಲ್ಲಿರುವಷ್ಟೇ ರಸ ಬರುತ್ತದೆ. ಅಂಕಿಅಂಶಗಳ ಒಳಗೆ ಎಷ್ಟು ಮಾಹಿತಿ ಇದೆಯೋ ಅದು ನಮ್ಮ ಅಂದಾಜಿನ ನಿಖರತೆಗೆ ಮೇರೆ ಹಾಕುತ್ತದೆ. ಯಾವ ಜಾಣ ಸೂತ್ರವೂ ಆ ಮೇರೆ ದಾಟಲಾರದು. ಆ ಮೇರೆ ಎಲ್ಲಿದೆ ಎಂಬುದನ್ನು ರಾವ್ ಲೆಕ್ಕ ಹಾಕಿ ತೋರಿಸಿದರು. ರೇಡಾರ್‌ನಲ್ಲಿ ವಿಮಾನದ ನೆಲೆ ಅಳೆಯುವವರು, ಎಂಆರ್‌ಐ ಯಂತ್ರದ ಚಿತ್ರವನ್ನು ಸ್ಪಷ್ಟಗೊಳಿಸುವವರು, ಗುರುತ್ವದ ಅಲೆಗಳನ್ನು ಹಿಡಿಯುವ ಭೌತವಿಜ್ಞಾನಿಗಳು, ಎಲ್ಲರೂ ತಮ್ಮ ವಿಧಾನ ಎಷ್ಟು ಒಳ್ಳೆಯದೆಂದು ನೋಡಲು ಇಂದಿಗೂ ಈ ಮೇರೆಗೆ ಹೋಲಿಸಿಕೊಳ್ಳುತ್ತಾರೆ.

● ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಯಾರು? ವಿ.ಎಂ. ದಾಂಡೇಕರ್. ಮುಂದೆ ಪುಣೆಯ ಹೆಸರಾಂತ ಅರ್ಥಶಾಸ್ತ್ರಜ್ಞರಾಗಿ, ನೀಲಕಂಠ ರಥ್ ಜೊತೆಗೂಡಿ 1971ರಲ್ಲಿ ಭಾರತದ ಬಡತನದ ಕುರಿತು ಪ್ರಸಿದ್ಧ ಅಧ್ಯಯನ ಹೊರತಂದವರು. ಬಡತನದ ರೇಖೆಯ ಚರ್ಚೆಯಲ್ಲಿ ಇಂದಿಗೂ ಅವರ ಹೆಸರು ಬರುತ್ತದೆ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಕೇಳಿದವನ ಪಾಲು ಹೇಳಿದವನಷ್ಟೇ ದೊಡ್ಡದು. ರಾವ್ ಅವರ ಬದುಕನ್ನು ಎಲ್ಲಿ ನೋಡಿದರೂ ಇದೇ ಮಾದರಿ ಕಾಣುತ್ತದೆ: ಯಾರೋ ಒಂದು ನಿಜವಾದ ತೊಡಕು ತಂದಿಡುತ್ತಾರೆ, ಅದರಿಂದ ಒಂದು ಸಿದ್ಧಾಂತ ಹುಟ್ಟುತ್ತದೆ.

● ಆ ಪ್ರಬಂಧ 1945ರಲ್ಲಿ ಕಲ್ಕತ್ತ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ಹನ್ನೊಂದೇ ಪುಟ. ಅಷ್ಟರಲ್ಲಿ ಮೂರು ಹೊಸ ಹೊಳಹುಗಳು. ಒಂದು, ಮೇಲೆ ಹೇಳಿದ ಅಸಮತೆ. ಎರಡು, ಒರಟಾದ ಒಂದು ಅಂದಾಜನ್ನು ತೆಗೆದುಕೊಂಡು ಅದನ್ನು ಸುಧಾರಿಸುವ ವಿಧಾನ. ಮೂರು, ಸಂಭವನೀಯತೆಯ ಹಂಚಿಕೆಗಳನ್ನು ಒಂದು ವಕ್ರ ಮೈಯ ಮೇಲಿನ ಬಿಂದುಗಳೆಂದು ಬಗೆದು ಅವುಗಳ ನಡುವಿನ ದೂರ ಅಳೆಯುವ ಬಗೆ. ಆಗ ಲೇಖಕರ ವಯಸ್ಸು ಇಪ್ಪತ್ತೈದರ ಆಸುಪಾಸು, ಕೈಯಲ್ಲಿ ಇನ್ನೂ ಪಿಎಚ್‌ಡಿ ಇರಲಿಲ್ಲ.

● ‘ಕ್ರಾಮೆರ್’ ಎಂದರೆ ಯಾರು? ಸ್ವೀಡನ್ನಿನ ಹರಾಲ್ಡ್ ಕ್ರಾಮೆರ್. ಯುದ್ಧದ ಆ ದಿನಗಳಲ್ಲಿ ಪತ್ರಿಕೆಗಳು ದೇಶದಿಂದ ದೇಶಕ್ಕೆ ಸರಾಗವಾಗಿ ಹೋಗುತ್ತಿರಲಿಲ್ಲ. ಅವರು ತಮ್ಮಷ್ಟಕ್ಕೆ ಅದೇ ಫಲಿತಾಂಶ ತಲುಪಿ 1946ರ ಗ್ರಂಥದಲ್ಲಿ ಪ್ರಕಟಿಸಿದರು. ಫ್ರಾನ್ಸಿನಲ್ಲಿ ಮಾರಿಸ್ ಫ್ರೆಷೆ 1943ರಲ್ಲೇ ಹತ್ತಿರ ಹೋಗಿದ್ದರು. ಹಾಗಾಗಿ ಕೆಲವು ಫ್ರೆಂಚ್ ಪುಸ್ತಕಗಳಲ್ಲಿ ಈ ಅಸಮತೆಯ ಹೆಸರು ಇನ್ನಷ್ಟು ಉದ್ದ!

● ಎರಡನೆಯ ಹೊಳಹಿಗೆ ‘ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ’ ಎಂದು ಹೆಸರು. ಡೇವಿಡ್ ಬ್ಲ್ಯಾಕ್‌ವೆಲ್ ಅಮೆರಿಕದ ಕಪ್ಪು ಗಣಿತಜ್ಞ. 1947ರಲ್ಲಿ ಅದನ್ನು ಸ್ವತಂತ್ರವಾಗಿ ಕಂಡುಕೊಂಡಾಗ ಅವರು ಕಪ್ಪು ಜನರ ಶಿಕ್ಷಣಕ್ಕೆಂದೇ ಹೆಸರಾದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಒಬ್ಬರು ಬ್ರಿಟಿಷರ ಆಳ್ವಿಕೆಯ ಕಲ್ಕತ್ತೆಯಲ್ಲಿ, ಇನ್ನೊಬ್ಬರು ವರ್ಣಭೇದದ ಅಮೆರಿಕದಲ್ಲಿ. ಆ ಇಬ್ಬರ ಹೆಸರು ಒಂದೇ ಪ್ರಮೇಯದಲ್ಲಿ ಕೂಡಿಕೊಂಡಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ.

● ಮೂರನೆಯ ಹೊಳಹು ದಶಕಗಟ್ಟಲೆ ಹೆಚ್ಚು ಜನರ ಗಮನಕ್ಕೆ ಬರದೆ ಉಳಿಯಿತು. ಜಪಾನಿನ ಶುನ್-ಇಚಿ ಅಮರಿ ಮೊದಲಾದವರು ಅದನ್ನು ‘ಮಾಹಿತಿ ಜ್ಯಾಮಿತಿ’ ಎಂಬ ಒಂದು ಶಾಖೆಯಾಗಿ ಬೆಳೆಸಿದರು. ಇಂದು ಕಂಪ್ಯೂಟರ್‌ಗಳಿಗೆ ಕಲಿಸುವ ವಿಧಾನಗಳಲ್ಲಿ ಅದರ ಬಳಕೆಯಿದೆ.

● ಸುಡಾನಿನ ಎಲುಬುಗಳಿಗೂ ರಾವ್ ಅವರಿಗೂ ಏನು ಸಂಬಂಧ? ಔಷಧ ಉದ್ಯಮಿ ಹೆನ್ರಿ ವೆಲ್ಕಮ್ 1910ರ ದಶಕದಲ್ಲಿ ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ದೊಡ್ಡ ಉತ್ಖನನ ನಡೆಸಿದ್ದರು. ಅಗೆದು ತೆಗೆದ ಮಾನವ ಅಸ್ಥಿಗಳು ಕೇಂಬ್ರಿಜ್‌ಗೆ ಬಂದಿದ್ದವು. ಆ ಪ್ರಾಚೀನ ಜನ ಯಾರು, ಸುತ್ತಲಿನ ಯಾವ ಜನರಿಗೆ ಹತ್ತಿರದವರು? ಉತ್ತರ ಹುಡುಕಲು ಬೇಕಾದ ಅಳತೆಗೋಲು ಇದ್ದದ್ದು ಕಲ್ಕತ್ತೆಯಲ್ಲಿ; ಎರಡು ಗುಂಪುಗಳ ನಡುವಿನ ಅಂತರವನ್ನು ಹಲವು ಅಳತೆಗಳಿಂದ ಒಟ್ಟಿಗೆ ಲೆಕ್ಕ ಹಾಕುವ ‘ಮಹಲನೋಬಿಸ್ ದೂರ’. ಕೇಂಬ್ರಿಜ್ ಕೇಳಿಕೊಂಡಿತು, ಮಹಲನೋಬಿಸ್ 1946ರಲ್ಲಿ ರಾವ್ ಅವರನ್ನೂ ರಾಮಕೃಷ್ಣ ಮುಖರ್ಜಿಯವರನ್ನೂ ಹಡಗು ಹತ್ತಿಸಿದರು. ಬಹಳಷ್ಟು ಎಲುಬುಗಳು ಮುರಿದಿದ್ದವು, ಅಳತೆಗಳು ಅಪೂರ್ಣ. ಇರುವಷ್ಟರಿಂದಲೇ ನಿರ್ಣಯ ತೆಗೆಯುವ ದಾರಿ ಹುಡುಕಬೇಕಿತ್ತು. ಈ ಕೆಲಸದ ಗ್ರಂಥ 1955ರಲ್ಲಿ ಹೊರಬಂತು.

ಫಿಶರ್ ಅವರದು ಒಬ್ಬ ವ್ಯಕ್ತಿ ಎರಡರಲ್ಲಿ ಯಾವ ಗುಂಪಿಗೆ ಸೇರಿದವನೆಂದು ತೀರ್ಮಾನಿಸುವ ವಿಧಾನ. ಅದನ್ನು ರಾವ್ ಅನೇಕ ಗುಂಪುಗಳಿಗೆ ವಿಸ್ತರಿಸಿದ್ದೂ ಇದೇ ಕಾಲದಲ್ಲಿ.

● ಹಗಲು ಮ್ಯೂಸಿಯಂನಲ್ಲಿ ಎಲುಬು, ಉಳಿದ ಹೊತ್ತಿನಲ್ಲಿ ಇಲಿ! ಪಿಎಚ್‌ಡಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಸಾಕ್ಷಾತ್ ಫಿಶರ್. ಅವರು ತಮ್ಮ ತಳಿವಿಜ್ಞಾನದ ಪ್ರಯೋಗಾಲಯದಲ್ಲಿ ರಾವ್‌ಗೆ ಇಲಿಗಳ ತಳಿ ಬೆಳೆಸುವ ಕೆಲಸ ಕೊಟ್ಟರು. ಯಾವ ಜೀನ್ ಯಾವುದರ ಪಕ್ಕದಲ್ಲಿದೆ ಎಂದು ಪತ್ತೆ ಹಚ್ಚುವ ಆ ಲೆಕ್ಕಾಚಾರದ ನಡುವೆಯೇ 1948ರಲ್ಲಿ ‘ಸ್ಕೋರ್ ಪರೀಕ್ಷೆ’ ರೂಪುಗೊಂಡಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಲಗ್ರಾಂಜ್ ಗುಣಕದ ಪರೀಕ್ಷೆ ಎಂಬ ಹೆಸರಿನಲ್ಲಿ ಓದುತ್ತಾರೆ. ತಾವು ಕಲಿಯುತ್ತಿರುವುದು ಹಡಗಲಿಯಲ್ಲಿ ಹುಟ್ಟಿದವರೊಬ್ಬರ ಕಾಣ್ಕೆಯೆಂದು ಅವರಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ!

● ಏಳು ಅಂಶಗಳನ್ನು ಪರೀಕ್ಷಿಸಲು ಎಷ್ಟು ಪ್ರಯೋಗ ಬೇಕು? ಕಾರ್ಖಾನೆಯೊಂದರಲ್ಲಿ ಉಷ್ಣತೆ, ಒತ್ತಡ, ಸಮಯ ಹೀಗೆ ಏಳು ಅಂಶಗಳಿವೆ, ಪ್ರತಿಯೊಂದಕ್ಕೂ ಎರಡು ಮಟ್ಟ ಎಂದುಕೊಳ್ಳಿ. ಎಲ್ಲ ಜೋಡಣೆಗಳನ್ನೂ ಮಾಡಿ ನೋಡಿದರೆ 128 ಪ್ರಯೋಗ. ಜೋಡಣೆಗಳನ್ನು ಜಾಣತನದಿಂದ ಆಯ್ದರೆ 8 ಪ್ರಯೋಗಗಳಲ್ಲೇ ಪ್ರತಿ ಅಂಶದ ಮುಖ್ಯ ಪರಿಣಾಮ ಅಂದಾಜಾಗುತ್ತದೆ. ಇಂಥ ಆಯ್ಕೆಗೆ ಅಡಿಪಾಯವಾದ ‘ಆರ್ಥೋಗನಲ್ ಅರೇ’ಗಳ ಸಿದ್ಧಾಂತವನ್ನು ರಾವ್ 1940ರ ದಶಕದಲ್ಲಿ ಕಟ್ಟಿದರು. ಜಪಾನಿನ ಎಂಜಿನಿಯರ್ ಗೆನಿಚಿ ತಗೂಚಿ 1950ರ ದಶಕದಲ್ಲಿ ಕಲ್ಕತ್ತೆಯ ಸಂಸ್ಥೆಗೆ ಬಂದು ಹೋದರು. ಮುಂದೆ ಇವೇ ವಿನ್ಯಾಸಗಳನ್ನು ಬಳಸಿದ ಅವರ ಗುಣಮಟ್ಟದ ವಿಧಾನಗಳು ಜಪಾನಿನ ಕಾರ್ಖಾನೆಗಳಿಂದ ಅಮೆರಿಕದವರೆಗೆ ಹಬ್ಬಿದವು.

● ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಸಾಲು-ಕಂಬಗಳಲ್ಲಿ ಅಂಕಿ ಜೋಡಿಸಿದ ಮಾತೃಕೆಗಳಲ್ಲೂ ಹೀಗೆಯೇ, ಕೆಲವಕ್ಕೆ ಭಾಗಿಸಲು ಬೇಕಾದ ವಿಲೋಮವೇ ಇರುವುದಿಲ್ಲ. ನಿಜ ಬದುಕಿನ ಅಂಕಿಅಂಶಗಳಲ್ಲಿ ಇಂಥವು ಪದೇ ಪದೇ ಎದುರಾಗುತ್ತವೆ. 1955ರಲ್ಲಿ ರಾವ್ ಒಂದು ಬದಲಿ ವಿಲೋಮ ರೂಪಿಸಿಕೊಂಡು ಕೆಲಸ ಸಾಗಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಇನ್ನೊಬ್ಬ ಯುವಕ ಇದೇ ವಿಷಯದ ಮೇಲೆ ಪ್ರಬಂಧ ಬರೆದ: ರೋಜರ್ ಪೆನ್‌ರೋಸ್, 2020ರಲ್ಲಿ ಕಪ್ಪುಕುಳಿಗಳ ಅಧ್ಯಯನಕ್ಕೆ ನೊಬೆಲ್ ಪಡೆದವರು. ಈ ಕಲ್ಪನೆಯನ್ನು ಅಮೆರಿಕದ ಇ.ಎಚ್. ಮೂರ್ ಮೊದಲು ಸೂಚಿಸಿದ್ದು 1920ರಲ್ಲಿ, ಅಂದರೆ ರಾವ್ ಹುಟ್ಟಿದ ವರ್ಷ. ಸುಜಿತ್ ಕುಮಾರ್ ಮಿತ್ರ ಜೊತೆಗೂಡಿ ರಾವ್ ಬರೆದ 1971ರ ಗ್ರಂಥ ಈ ವಿಷಯಕ್ಕೆ ಆಧಾರಗ್ರಂಥವಾಯಿತು.

● ಶಿಷ್ಯರು? ಡಿ. ಬಸು, ‘ಬಸು ಪ್ರಮೇಯ’ದವರು. ಎಸ್.ಆರ್.ಎಸ್. ವರದನ್, 2007ರಲ್ಲಿ ಗಣಿತದ ಆಬೆಲ್ ಪ್ರಶಸ್ತಿ ಗೆದ್ದವರು. ಕೆ.ಆರ್. ಪಾರ್ಥಸಾರಥಿ, ಕ್ವಾಂಟಂ ಸಂಭವನೀಯತೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. ವರದನ್ ಅವರ ಪ್ರಬಂಧದ ಪರೀಕ್ಷಕರಲ್ಲಿ ಒಬ್ಬರು ಯಾರೆಂದು ಬಲ್ಲಿರಾ? 1962ರಲ್ಲಿ ಕಲ್ಕತ್ತೆಗೆ ಬಂದಿದ್ದ ರಷ್ಯದ ಆಂದ್ರೇ ಕೊಲ್ಮಗೊರೊವ್, ಆಧುನಿಕ ಸಂಭವನೀಯತಾ ಸಿದ್ಧಾಂತದ ಜನಕ. ಅರವತ್ತರ ದಶಕದ ಆ ಸಂಸ್ಥೆಯ ಕಾರಿಡಾರ್‌ಗಳಲ್ಲಿ ಒಮ್ಮೆ ಓಡಾಡಿ ಬರಬೇಕಿತ್ತು ಎಂದು ನನಗೆ ಅನಿಸುವುದುಂಟು.

● 1972ರಲ್ಲಿ ಮಹಲನೋಬಿಸ್ ತೀರಿಕೊಂಡ ಮೇಲೆ ಸಂಸ್ಥೆಯ ನಿರ್ದೇಶಕರಾದವರು ರಾವ್.

● ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಸಂದೇಶ ನಿಮಗೂ ಬಂದಿರಬಹುದು. ರಾವ್ ಅರವತ್ತಕ್ಕೆ ನಿವೃತ್ತರಾಗಿ, ಮೊಮ್ಮಕ್ಕಳ ಜೊತೆಗಿರಲು ಅಮೆರಿಕಕ್ಕೆ ಹೋಗಿ, ಅರವತ್ತೆರಡಕ್ಕೆ ಅಲ್ಲಿ ಪ್ರಾಧ್ಯಾಪಕರಾದರು ಎಂದು ಅದು ಹೇಳುತ್ತದೆ. ಪ್ರೇರಣೆ ಕೊಡುವ ಉದ್ದೇಶವೇನೋ ಒಳ್ಳೆಯದೇ, ಆದರೆ ವರ್ಷಗಳು ತಾಳೆಯಾಗುವುದಿಲ್ಲ. ಅವರು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದ್ದು 1979ರಲ್ಲಿ, ಅರವತ್ತು ತುಂಬುವ ಮೊದಲು, ಅದೂ ಪ್ರಾಧ್ಯಾಪಕರಾಗಿಯೇ. ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋದದ್ದು 1988ರಲ್ಲಿ. ನಡುವೆ ಕೆಲಸ ನಿಂತ ಅವಧಿಯೇ ಇಲ್ಲ. ಅಂಕಿಗಳಿಗೆ ಮೋಸವಾಗದಂತೆ ಜೀವಮಾನವಿಡೀ ನೋಡಿಕೊಂಡವರ ಬಗ್ಗೆ ತಪ್ಪು ಅಂಕಿ ಹರಡುವುದು ನ್ಯಾಯವಲ್ಲ.

● ಅಮೆರಿಕದಲ್ಲಿದ್ದಾಗಲೇ, 1982ರಲ್ಲಿ, ಅವರು ‘ಕ್ವಾಡ್ರಾಟಿಕ್ ಎಂಟ್ರೊಪಿ’ ಎಂಬ ಅಳತೆಯನ್ನು ಮಂಡಿಸಿದರು. ಕಾಡೊಂದರಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂದು ಎಣಿಸಿದರೆ ಸಾಲದು, ಅವು ಒಂದರಿಂದ ಒಂದು ಎಷ್ಟು ಭಿನ್ನ ಎಂಬುದೂ ಲೆಕ್ಕಕ್ಕೆ ಬರಬೇಕು ಎನ್ನುವ ಅಳತೆ ಇದು. ಜೀವವೈವಿಧ್ಯದ ಸಂಶೋಧಕರು ಇದನ್ನು ಇಂದು ಧಾರಾಳವಾಗಿ ಬಳಸುತ್ತಾರೆ.

● ಗೌರವಗಳು ಚುಟುಕಾಗಿ: ಭಟ್ನಾಗರ್ ಪ್ರಶಸ್ತಿ 1963, ರಾಯಲ್ ಸೊಸೈಟಿ ಸದಸ್ಯತ್ವ 1967, ಪದ್ಮಭೂಷಣ 1968, ಪದ್ಮವಿಭೂಷಣ 2001. 2002ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ, ಅಧ್ಯಕ್ಷ ಬುಷ್ ಅವರ ಕೈಯಿಂದ. ಹೈದರಾಬಾದಿನಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆಯಿದೆ, ಒಂದು ರಸ್ತೆಯೂ ಇದೆ. ಯುವ ಸಂಖ್ಯಾಶಾಸ್ತ್ರಜ್ಞರಿಗೆಂದು ಕೇಂದ್ರ ಸರ್ಕಾರ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಸ್ಥಾಪಿಸಿತು. ಹುಟ್ಟೂರಿನ ಕಾಲೇಜೊಂದರಲ್ಲಿ ವರ್ಷಕ್ಕೊಂದು ಉಪನ್ಯಾಸವಾದರೂ ಅವರ ಹೆಸರಿನಲ್ಲಿ ನಡೆಯಲಿ ಎಂಬುದು ನನ್ನ ಆಸೆ.

● 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಎರಡು ವರ್ಷಕ್ಕೊಮ್ಮೆ ಕೊಡುವ, ಈ ಕ್ಷೇತ್ರದ ನೊಬೆಲ್ ಎನ್ನಿಸಿಕೊಂಡ, 80,000 ಡಾಲರ್‌ಗಳ ಪ್ರಶಸ್ತಿ. ಯಾವ ಕೆಲಸಕ್ಕೆ? 1945ರ ಆ ಹನ್ನೊಂದು ಪುಟಗಳಿಗೆ! ಪ್ರಬಂಧಕ್ಕೆ 78 ವರ್ಷ, ಬರೆದವರಿಗೆ 102. ಅದೇ ವರ್ಷದ ಆಗಸ್ಟ್ 22ರಂದು, 103 ತುಂಬಲು ಹತ್ತೊಂಬತ್ತು ದಿನ ಇರುವಾಗ, ರಾವ್ ತೀರಿಕೊಂಡರು.

● ಗಣಿತವೆಂದರೆ ಹೆದರುವವರೂ ಓದಬಹುದಾದ ಒಂದು ಪುಸ್ತಕವನ್ನು ಅವರು ಬರೆದಿದ್ದಾರೆ: ‘ಸ್ಟ್ಯಾಟಿಸ್ಟಿಕ್ಸ್ ಆ್ಯಂಡ್ ಟ್ರೂತ್’. ರಾಮಾನುಜನ್ ಸ್ಮಾರಕ ಉಪನ್ಯಾಸಗಳಿಂದ ಬೆಳೆದ ಪುಸ್ತಕ ಇದು. ಇದರಲ್ಲಿ ಬರುವ ಒಂದು ಪ್ರಸಂಗ ನನಗೆ ಬಹಳ ಇಷ್ಟ.

1947. ದೆಹಲಿಯಲ್ಲಿ ಗಲಭೆ. ಪ್ರಾಣಭಯದಿಂದ ಓಡಿಬಂದ ಅಲ್ಪಸಂಖ್ಯಾತ ಸಮುದಾಯದ ಸಾವಿರಾರು ಜನ ಕೆಂಪುಕೋಟೆಯಲ್ಲಿ ಆಶ್ರಯ ಪಡೆದಿದ್ದರು. ಅವರಿಗೆ ಊಟ ಹಾಕುವ ಹೊಣೆ ಸರ್ಕಾರದ್ದು, ಒದಗಿಸುವ ಗುತ್ತಿಗೆ ವರ್ತಕರದ್ದು. ಬಿಲ್ಲು ಏರುತ್ತಲೇ ಹೋಯಿತು. ಒಳಗೆ ಎಷ್ಟು ಜನರಿದ್ದಾರೆಂದು ಹೋಗಿ ಎಣಿಸುವ ಪರಿಸ್ಥಿತಿ ಇರಲಿಲ್ಲ. ಸರ್ಕಾರ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿತು.

ಅವರ ಕೈಗೆ ಸಿಕ್ಕದ್ದು ಗುತ್ತಿಗೆದಾರರ ಲೆಕ್ಕಪತ್ರ ಮಾತ್ರ. ದಿನಕ್ಕೆ ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು. ಒಬ್ಬ ಮನುಷ್ಯನಿಗೆ ದಿನಕ್ಕೆ ಇವು ಎಷ್ಟೆಷ್ಟು ಬೇಕೆಂಬುದು ಹಿಂದಿನ ಸಮೀಕ್ಷೆಗಳಿಂದ ಗೊತ್ತಿತ್ತು. ಭಾಗಿಸಿ ನೋಡಿದರು. ಬಿಲ್ಲುಗಳು ಪ್ರಾಮಾಣಿಕವಾಗಿದ್ದರೆ ಮೂರರಿಂದಲೂ ಒಂದೇ ಜನಸಂಖ್ಯೆ ಬರಬೇಕು. ಬರಲಿಲ್ಲ. ಅಕ್ಕಿಯ ಲೆಕ್ಕದಲ್ಲಿ ಜನ ಅತಿ ಹೆಚ್ಚು, ಉಪ್ಪಿನ ಲೆಕ್ಕದಲ್ಲಿ ಅತಿ ಕಡಿಮೆ. ಕಾರಣ ಸರಳ. ಅಕ್ಕಿ ದುಬಾರಿ, ಹೆಚ್ಚು ಬರೆದರೆ ಲಾಭ. ಉಪ್ಪು ಅಗ್ಗ, ಅದರಲ್ಲಿ ಸುಳ್ಳು ಬರೆದು ಗಳಿಸುವುದೇನೂ ಇಲ್ಲ. ಹಾಗಾಗಿ ಉಪ್ಪಿನ ಲೆಕ್ಕವನ್ನೇ ನಂಬಿದರು. ಈ ಉಪಾಯ ಹೊಳೆದದ್ದು ಭಾರತೀಯ ಸಾಂಖ್ಯಿಕ ಸಂಸ್ಥೆಯ ಜೆ.ಎಂ. ಸೇನ್‌ಗುಪ್ತ ಅವರಿಗೆ. ಹುಮಾಯೂನ್ ಗೋರಿಯಲ್ಲಿದ್ದ ಸಣ್ಣ ಶಿಬಿರದಲ್ಲಿ ಇದನ್ನು ಪರೀಕ್ಷಿಸಿದಾಗ ತಾಳೆಯಾಯಿತು.

● ಅದೇ ಪುಸ್ತಕದಿಂದ ಇನ್ನೊಂದು. 1985ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಕವಿತೆಯೊಂದು ಸಿಕ್ಕಿತು. ಶೇಕ್ಸ್‌ಪಿಯರನದೇ ಇರಬೇಕೆಂದು ವಾದ ಎದ್ದಿತು. ಕವಿತೆಯಲ್ಲಿದ್ದದ್ದು 429 ಪದ. ಶೇಕ್ಸ್‌ಪಿಯರ್ ಇಷ್ಟುದ್ದದ ಹೊಸ ಕವಿತೆ ಬರೆದಿದ್ದರೆ, ತನ್ನ ಬೇರೆ ಯಾವ ಕೃತಿಯಲ್ಲೂ ಬಳಸದ ಎಷ್ಟು ಪದ ಅದರಲ್ಲಿ ಇರಬೇಕು? ಬ್ರಾಡ್ಲಿ ಎಫ್ರನ್ ಮತ್ತು ರೊನಾಲ್ಡ್ ಥಿಸ್ಟೆಡ್ ಲೆಕ್ಕ ಹಾಕಿದರು. ಉತ್ತರ ಸುಮಾರು ಏಳು. ಕವಿತೆಯಲ್ಲಿದ್ದವು ಒಂಬತ್ತು. ಅಂದಾಜಿನಲ್ಲಿ ಅಷ್ಟು ಹೆಚ್ಚುಕಡಿಮೆ ಸಹಜವೇ. ಹಾಗಾಗಿ ಕವಿತೆ ಶೇಕ್ಸ್‌ಪಿಯರನದಲ್ಲ ಎಂದು ತಳ್ಳಿಹಾಕಲು ಆ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ. ಅವನದೇ ಎಂದು ಅದರಿಂದ ಸಾಬೀತೂ ಆಗಲಿಲ್ಲ. ವಿದ್ವಾಂಸರ ಜಗಳ ಮುಂದುವರಿಯಿತು.